ಸ್ಥಳೀಯ ಘಟಕದ ಹಾಜರಿ

ವಿಶ್ವವಿದ್ಯಾಲಯದ ಹಳೆ ವಿದ್ಯಾರ್ಥಿಗಳ ಸಂಘದ ಸ್ಥಳೀಯ ಘಟಕಕ್ಕೆ ನಾನು ಕಾರ್ಯದರ್ಶಿಯಾಗಿದ್ದವನು. ಇದನ್ನು ಹೇಳಿದಾಗ ಜನ ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡುತ್ತಾರೆ. ನೋಡಲಿ. ನಾನು ಹತ್ತನೇ ತರಗತಿಯ ಹೊಸ್ತಿಲನ್ನು ಎರಡು ಸಲ ಎಡವಿ, ಮೂರನೇ ಸಲ ಎಡವಲು ಮನೆಯವರು ಬಿಡದೆ ಹೊಲಿಗೆ ಯಂತ್ರ ರಿಪೇರಿಗೆ ಕೂತವನು. ವಿಶ್ವವಿದ್ಯಾಲಯವನ್ನು ಬಸ್ಸಿನ ಕಿಟಕಿಯಿಂದಲೂ ಕಂಡವನಲ್ಲ. ಆದರೆ ಘಟಕದ ಅಧ್ಯಕ್ಷರು ನನ್ನ ಅಕ್ಕನ ಗಂಡ, ಅವರ ಮನೆಯ ಮಹಡಿಯಲ್ಲಿ ನನ್ನ ವಾಸ. ಇದಕ್ಕಿಂತ ದೊಡ್ಡ ಅರ್ಹತೆ ಯಾವ ಹುದ್ದೆಗೂ ಬೇಕಾಗಿಲ್ಲ.

ನೇಮಕಾತಿಯ ದಿನ ಭಾವ ನನ್ನ ಜವಾಬ್ದಾರಿ ವಿವರಿಸಿದರು. “ತಿಂಗಳ ಮೊದಲ ಭಾನುವಾರ ಹತ್ತು ಕುರ್ಚಿ ಹಾಕ್ಬೇಕು. ಸಭೆ ಮುಗಿದ್ಮೇಲೆ ಎತ್ತಿಡ್ಬೇಕು. ಅಷ್ಟೇ.”

“ಸಭೆಗೆ ಎಷ್ಟು ಜನ ಬರ್ತಾರೆ ಭಾವ?”

“ನಾನು ಬರ್ತೀನಿ,” ಎಂದರು ಭಾವ.

ಭಾವನ ಉದ್ಯೋಗ ಬಸ್ ನಿಲ್ದಾಣದ ವಿಚಾರಣೆ ಕೊಠಡಿಯಲ್ಲಿ. ಗಾಜಿನ ಒಂದು ಗೂಡು, ಒಂದು ಮೈಕು, ಬರುವ ಹೋಗುವ ಬಸ್ಸುಗಳ ಪಟ್ಟಿ. “ಪ್ರಯಾಣಿಕರ ಗಮನಕ್ಕೆ” ಎಂದು ಅವರು ಶುರುಮಾಡಿದರೆ ಪ್ರಯಾಣಿಕರು ಗಮನ ಕೊಡುತ್ತಿದ್ದರೋ ಇಲ್ಲವೋ, ನಿಲ್ದಾಣದ ನಾಯಿಗಳಂತೂ ಎದ್ದು ಕೂರುತ್ತಿದ್ದವು. ದಿನಕ್ಕೆ ಇನ್ನೂರು ಬಸ್ಸು ಕರೆಯುವ ಆ ಗಂಟಲು ಯಾವ ಬಸ್ಸಿಗೂ ಪಕ್ಷಪಾತ ಮಾಡುತ್ತಿರಲಿಲ್ಲ, ಒಂದನ್ನು ಬಿಟ್ಟು. ಬೆಳಿಗ್ಗೆ ಹನ್ನೊಂದು ಹತ್ತಕ್ಕೆ ವಿಶ್ವವಿದ್ಯಾಲಯ ಇರುವ ಊರಿನಿಂದ ಒಂದು ಬಸ್ಸು ಬರುತ್ತದೆ. ಅದನ್ನು ಮಾತ್ರ ಭಾವ ಎರಡು ಸಲ ಕರೆದು, ಕೊನೆಯ ಪ್ರಯಾಣಿಕ ಇಳಿಯುವ ತನಕ ಗಾಜಿಗೆ ಮೂಗು ಒತ್ತಿ ನೋಡುತ್ತಿದ್ದರು. ಅಷ್ಟು ಹೊತ್ತೂ ಬೇರೆ ಬಸ್ಸುಗಳು ಹೇಳುವವರು ಕೇಳುವವರಿಲ್ಲದೆ ಬಂದು ಹೋಗುತ್ತಿದ್ದವು.

ಅವರು ನೋಡುತ್ತಿದ್ದದ್ದು ಒಂಬತ್ತು ಜನರಿಗಾಗಿ. ಮೂವತ್ತನಾಲ್ಕು ವರ್ಷದ ಹಿಂದೆ ಆ ಒಂಬತ್ತು ಜನರೂ ಭಾವನೂ ಒಂದೇ ತರಗತಿಯ ಕೊನೆಯ ಎರಡು ಬೆಂಚಿನಲ್ಲಿದ್ದರು. ಒಂಬತ್ತು ಜನಕ್ಕೂ ತರಗತಿಗೆ ಬರುವ ಅಭ್ಯಾಸವಿರಲಿಲ್ಲ. ಭಾವನಿಗೆ ಯಾರ ಧ್ವನಿಯನ್ನಾದರೂ ಎರಡು ದಿನದಲ್ಲಿ ಗಂಟಲಿಗೆ ಇಳಿಸಿಕೊಳ್ಳುವ ವಿದ್ಯೆ ಇತ್ತು. ಮೇಷ್ಟ್ರು ನಂಬರು ಕೂಗಿದಂತೆಲ್ಲ ಭಾವ ಡೆಸ್ಕಿನ ಹಿಂದೆ ತಲೆ ತಗ್ಗಿಸಿ, ಸದಾ ಮೂಗು ಕಟ್ಟಿದ ‘ನೆಗಡಿ’ಯ ಧ್ವನಿಯಲ್ಲಿ ಒಂದು, ರಾಗವಿಲ್ಲದೆ ಮಾತೇ ಆಡದ ‘ಗಾಯಕ’ನ ಧ್ವನಿಯಲ್ಲಿ ಒಂದು, ಆರಡಿ ಮೂರಂಗುಲ ಎತ್ತರವಿದ್ದೂ ಇಲಿಮರಿಯಷ್ಟು ಸಣ್ಣ ಧ್ವನಿಯ ‘ಉದ್ದ’ನದೊಂದು, ಹೀಗೆ ಒಂಬತ್ತು ಸಲ “ಹಾಜರ್ ಸಾರ್” ಹೇಳುತ್ತಿದ್ದರು. ಅವರ ಸ್ವಂತ ನಂಬರು ನಲವತ್ತೊಂದು, ಎಲ್ಲರಿಗಿಂತ ಕೊನೆಗೆ. ಅಷ್ಟು ಹೊತ್ತಿಗೆ ಮೇಷ್ಟ್ರಿಗೆ ಗಂಟಲಿನ ಗುರುತು ಸಿಕ್ಕಿರುತ್ತಿತ್ತು.

“ನೀನು ಆಗ್ಲೇ ಒಂಬತ್ತು ಸಲ ಬಂದಾಯ್ತಲ್ಲಪ್ಪ, ಹತ್ತನೇ ಸಲ ಯಾಕೆ?” ಎಂದು ಭಾವನೊಬ್ಬನನ್ನೇ ಗೈರುಹಾಜರು ಮಾಡುತ್ತಿದ್ದರಂತೆ.

ವರ್ಷದ ಕೊನೆಗೆ ಒಂಬತ್ತು ಜನಕ್ಕೆ ಭರ್ತಿ ಹಾಜರಿ. ಪ್ರತಿದಿನ ತಪ್ಪದೆ ಬಂದಿದ್ದ ಭಾವನಿಗೆ ಹಾಜರಿ ಸಾಲದೆ ಪರೀಕ್ಷೆಗೆ ಕೂರಿಸಲಿಲ್ಲ. ಒಂಬತ್ತು ಜನ ಪದವೀಧರರಾದರು. ಭಾವ ನಾಚಿಕೆಯಿಂದ ಯಾರಿಗೂ ಹೇಳದೆ ಟ್ರಂಕು ಹೊತ್ತು ಊರಿಗೆ ಬಂದರು. ಗುಂಪಿನ ಫೋಟೋಗೂ ನಿಲ್ಲಲಿಲ್ಲ.

ಆಗ ಅವರಿಗಿದ್ದ ಹೆಸರು ‘ಹಾಜರಿ’. ಈಗ ಮನೆಯಲ್ಲಿ ಅವರು “ರೀ”, ನನಗೆ ಭಾವ, ಡಿಪೋದಲ್ಲಿ “ಮೈಕಿನವ್ರು”. “ಲೋ ಹಾಜರಿ” ಎಂದು ಯಾರಾದರೂ ಒಮ್ಮೆ ಕರೆಯಲಿ ಎಂದು ಅವರಿಗೆ ಎಷ್ಟು ಆಸೆ ಇತ್ತೆಂದರೆ, ಡಿಪೋದಲ್ಲಿ ಡ್ರೈವರುಗಳ ಹಾಜರಿ ಪುಸ್ತಕ ಎಲ್ಲಿ ಎಂದು ಯಾರೋ ಕೂಗಿದರೂ ತಿರುಗಿ ನೋಡುತ್ತಿದ್ದರು.

ಘಟಕ ಕಟ್ಟಿದ್ದು ಇದಕ್ಕೆ. ವಿಶ್ವವಿದ್ಯಾಲಯದವರು ವರ್ಷಕ್ಕೊಮ್ಮೆ ಎಲ್ಲ ಘಟಕಗಳ ವಿಳಾಸವಿರುವ ಪುಸ್ತಿಕೆ ಅಚ್ಚು ಹಾಕಿಸುತ್ತಾರೆ. “ಒಂಬತ್ತು ಜನದಲ್ಲಿ ಒಬ್ಬ, ಎಲ್ಲೋ ಒಂದು ಕಡೆ ಅದನ್ನ ತಿರುವಿಹಾಕಿದ ಅಂತಿಟ್ಕೋ. ನನ್ನ ಹೆಸರು ಕಾಣ್ಸತ್ತೆ. ಬಸ್ಸು ಹತ್ತಿ ಬರ್ತಾನೆ,” ಎಂದು ಭಾವ ಹೇಳುವಾಗ ಅವರ ಮುಖ ನೋಡಿ ನಾನು ತಮಾಷೆ ಮಾಡುವುದನ್ನು ಬಿಟ್ಟೆ. ನೋಂದಣಿಗೆ ಹತ್ತು ಸದಸ್ಯರು ಬೇಕಿತ್ತು. ಭಾವ ಆ ಒಂಬತ್ತು ಹೆಸರನ್ನೂ ನಂಬರು ಸಮೇತ ಬರೆದು, ಎಲ್ಲರಿಗೂ ನಮ್ಮ ಮನೆಯ ವಿಳಾಸವನ್ನೇ ಕೊಟ್ಟರು.

“ಇದು ಸುಳ್ಳಲ್ವೇನ್ರೀ?” ಎಂದಳು ಅಕ್ಕ.

“ಸುಳ್ಳು ಹ್ಯಾಗಾಗತ್ತೆ? ಬಂದ್ರೆ ಅವ್ರು ಇಲ್ಲಿಗೇ ತಾನೆ ಬರೋದು?”

ಅವರ ಹಳೆಯ ವಿಳಾಸಗಳಿಗೆ ಬರೆದ ಕಾಗದಗಳೆಲ್ಲ ವಾಪಸು ಬಂದು ಅಕ್ಕನ ಬಟ್ಟೆಯ ಪೆಟ್ಟಿಗೆಯಲ್ಲಿದ್ದವು. ಅದರಲ್ಲೊಂದು, ಗಾಯಕನ ಹೆಸರಿನದು. ಅದರ ಮೇಲೆ ಯಾರೋ ಪೆನ್ಸಿಲಿನಲ್ಲಿ ‘ತೀರಿಕೊಂಡಿದ್ದಾರೆ’ ಎಂದು ಬರೆದಿದ್ದರು. ಅದನ್ನು ಭಾವ ಎಲ್ಲಕ್ಕಿಂತ ಕೆಳಗೆ ಇಟ್ಟಿದ್ದರು.

ಹಾಗೆಂದು ಭಾವ ಊರಿನಲ್ಲಿರುವ ನಿಜವಾದ ಹಳೆ ವಿದ್ಯಾರ್ಥಿಗಳನ್ನು ಹುಡುಕದೆ ಬಿಟ್ಟವರಲ್ಲ. ಒಂದು ದಿನ ನಿಲ್ದಾಣದ ಮೈಕಿನಲ್ಲೇ, “ಪ್ರಯಾಣಿಕರ ಗಮನಕ್ಕೆ. ವಿಶ್ವವಿದ್ಯಾಲಯದಲ್ಲಿ ಓದಿದವರು ಯಾರೇ ಇದ್ದರೂ ಕೂಡಲೇ ವಿಚಾರಣೆ ಕೊಠಡಿಗೆ ಬರಬೇಕು,” ಎಂದು ಕರೆದರು. ವಿಚಾರಣೆ ಎಂದರೆ ಯಾವ ವಿಚಾರಣೆಯೋ ಎಂದು ಜನ ಗಾಬರಿಯಾದರು. ಹೊರಟಿದ್ದ ಬಸ್ಸಿನಿಂದ ಇಬ್ಬರು ಹಾರಿ ಹಿಂದಿನ ಗೇಟಿನಿಂದ ಓಡಿದರು. ಒಬ್ಬಾಕೆ ಬಂದು, “ನನ್ನ ಗಂಡ ಅಲ್ಲಿ ಓದಿದ್ದು ನಿಜ, ಆದ್ರೆ ಅವರಿಗೂ ನನಗೂ ಈಗ ಸಂಬಂಧ ಇಲ್ಲ,” ಎಂದು ಬರೆದುಕೊಟ್ಟು ಹೋದಳು. ಡಿಪೋ ಮ್ಯಾನೇಜರು ಬಂದರು.

“ಏನ್ರೀ ಇದು? ಯಾರನ್ನ ಹಿಡೀತಿದೀರಿ?”

“ಹಿಡೀತಿಲ್ಲ ಸಾರ್, ಕೂಡಿಸ್ತಿದೀನಿ.”

“ನಿಮ್ಮ ಕೆಲಸ ಜನ್ರನ್ನ ಕಳಿಸೋದು. ಕೂಡಿಸೋದಲ್ಲ,” ಎಂದು ಮ್ಯಾನೇಜರು ಮೆಮೋ ಕೊಟ್ಟರು.

ಇಷ್ಟೆಲ್ಲ ಆಗಿ ಸಿಕ್ಕವರು ಒಬ್ಬರೇ, ದಂತವೈದ್ಯರು. ಒಂದು ಸಭೆಗೆ ಬಂದರು. ಭಾವ ಕೊನೆಯ ಬೆಂಚಿನ ಕಥೆ ಹೇಳುತ್ತಿದ್ದಷ್ಟೂ ಹೊತ್ತು ಅವರ ಬಾಯೊಳಗೇ ನೋಡುತ್ತ ಕೂತಿದ್ದು, “ಮೇಲ್ಗಡೆ ಎಡಭಾಗದ ದವಡೆಹಲ್ಲು ಬೇಗ ತೋರಿಸ್ಬಿಡಿ,” ಎಂದು ಎದ್ದು ಹೋದವರು ಮತ್ತೆ ಇತ್ತ ಸುಳಿಯಲಿಲ್ಲ.

ಆಮೇಲೆ ಭಾವ ಬೋರ್ಡು ಬರೆಸಿದರು. ಅಲ್ಲಿಂದ ಶುರುವಾಯಿತು ನಮ್ಮ ಗ್ರಹಚಾರ.

ಬೋರ್ಡು ಬರೆಯುವವನು ‘ವಿಶ್ವವಿದ್ಯಾಲಯದ ಹಳೆ ವಿದ್ಯಾರ್ಥಿಗಳ ಸಂಘ’ ಎಂಬುದನ್ನು ಒಂದೇ ಸಾಲಿನಲ್ಲಿ ಕೂರಿಸಲು ಹೋಗಿ ಅಕ್ಷರ ಇರುವೆ ಸಾಲಿನಷ್ಟು ಮಾಡಿದ. ಕೆಳಗೆ ಜಾಗ ಬೇಕಾದಷ್ಟು ಉಳಿಯಿತು. ಉಳಿದ ಜಾಗ ಹಾಳಾಗಬಾರದೆಂದು ‘ಸ್ಥಳೀಯ ಘಟಕ’ ಎಂದು ಒಂದೊಂದು ಅಕ್ಷರವನ್ನೂ ಅಂಗೈ ಅಗಲ ಬರೆದ. ಅವನ ಹತ್ತಿರ ಉಳಿದಿದ್ದದ್ದು ನೀಲಿ ಬಣ್ಣ. ನಮ್ಮ ಬೀದಿಯ ಕೊನೆಯಲ್ಲಿದ್ದ ಕುಡಿಯುವ ನೀರಿನ ಘಟಕ ಕೆಟ್ಟು ಎರಡು ತಿಂಗಳಾಗಿತ್ತು. ಇಷ್ಟು ಹೇಳಿದರೆ ಸಾಕು.

ಮರುದಿನ ಬೆಳಿಗ್ಗೆ ಅಕ್ಕ ಬಾಗಿಲು ತೆಗೆದರೆ ಹದಿನಾಲ್ಕು ಖಾಲಿ ಕ್ಯಾನು ಸಾಲಾಗಿ ನಿಂತಿದ್ದವು. ಮೊದಲನೆಯದರ ಮೇಲೆ ಎದುರುಮನೆಯ ಅಜ್ಜಿ ಕೂತಿದ್ದರು.

“ನೀರು ಎಷ್ಟು ಗಂಟೆಗೆ ಬಿಡ್ತೀರಮ್ಮಾ?”

“ಇಲ್ಲಿ ನೀರು ಬರಲ್ಲ ಅಜ್ಜಿ. ಇದು ಹಳೆ ವಿದ್ಯಾರ್ಥಿಗಳ ಘಟಕ.”

“ಹಳೇದೋ ಹೊಸದೋ, ಶುದ್ಧ ಇದ್ರೆ ಸಾಕು,” ಎಂದರು ಅಜ್ಜಿ.

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ನಮ್ಮ ಬೀದಿಯವರು. ಯಂತ್ರ ಒಳಗಿದೆ, ಮನೆಯವರು ತಮಗೆ ಬೇಕಾದವರಿಗೆ ಮಾತ್ರ ನೀರು ಕೊಡುತ್ತಿದ್ದಾರೆ ಎಂದು ಮೂರನೇ ದಿನ ಸುದ್ದಿಯಾಯಿತು. ನಾಲ್ಕನೇ ದಿನ ಆರೋಗ್ಯ ಇನ್ಸ್‌ಪೆಕ್ಟರು ಬಗಲಲ್ಲಿ ಕಡತ, ಕೈಯಲ್ಲಿ ಸೀಸೆ ಹಿಡಿದು ಬಂದರು.

“ಘಟಕಕ್ಕೆ ಪರವಾನಗಿ ಎಲ್ಲಿ?”

“ವಿಶ್ವವಿದ್ಯಾಲಯ ಕೊಟ್ಟಿದೆ ಸಾರ್,” ಎಂದು ಭಾವ ಹೆಮ್ಮೆಯಿಂದ ಪತ್ರ ತಂದರು.

ಇನ್ಸ್‌ಪೆಕ್ಟರು ಓದಲಿಲ್ಲ. “ಏನು ತಯಾರಿಸ್ತೀರಿ?”

“ತಯಾರಿಸೋದು ವಿಶ್ವವಿದ್ಯಾಲಯ ಸಾರ್. ನಾವು ಸಂಗ್ರಹ ಮಾಡ್ತೀವಿ.”

“ಎಷ್ಟು ವರ್ಷದ್ದು ಇಟ್ಟಿದೀರಿ?”

“ಮೂವತ್ನಾಲ್ಕು ವರ್ಷದ್ದು.”

ಇನ್ಸ್‌ಪೆಕ್ಟರ ಕೈ ಸೀಸೆಯ ಮುಚ್ಚಳವನ್ನು ಬಿಗಿ ಮಾಡಿತು. “ಮೂವತ್ನಾಲ್ಕು ವರ್ಷ! ಹುಳ ಬಿದ್ದಿರಲ್ವೇನ್ರೀ?”

“ಒಬ್ಬ ತೀರ್ಕೊಂಡಿದಾನೆ ಸಾರ್,” ಎಂದರು ಭಾವ. ಅವರ ಕಣ್ಣು ತೇವವಾಯಿತು. “ಉಳಿದವ್ರು ಎಲ್ಲಿದಾರೋ ಗೊತ್ತಿಲ್ಲ.”

ಇನ್ಸ್‌ಪೆಕ್ಟರು ನಾನಿನ್ನೂ ಎತ್ತಿಡದಿದ್ದ ಹತ್ತು ಕುರ್ಚಿಗಳಲ್ಲಿ ಒಂದನ್ನು ಎಳೆದುಕೊಂಡು ಕೂತು, ಕಡತ ಬಿಚ್ಚಿ ಬರೆಯತೊಡಗಿದರು. ನಾನು ಮಧ್ಯೆ ಬಂದು ಪತ್ರವನ್ನು ಅವರ ಕಣ್ಣ ಮುಂದೆ ಹಿಡಿದು ಪದಪದವಾಗಿ ಓದದಿದ್ದರೆ ಭಾವನನ್ನು ಅಂದೇ ಒಳಗೆ ಹಾಕುತ್ತಿದ್ದರು. ಅಷ್ಟಾದರೂ ಅವರು ಹೋಗುವಾಗ ನಮ್ಮ ಹಂಡೆಯಿಂದ ಒಂದು ಸೀಸೆ ನೀರು ತುಂಬಿಸಿಕೊಂಡೇ ಹೋದರು. ಇದನ್ನು ಕಂಡ ಬೀದಿಗೆ ನೀರಿರುವುದು ಖಾತ್ರಿಯಾಯಿತು. ಕ್ಯಾನುಗಳು ಇಪ್ಪತ್ತಾದವು.

ಆ ಗಲಾಟೆಯಲ್ಲೇ ವಿಶ್ವವಿದ್ಯಾಲಯದಿಂದ ಒಂದು ಕಾಗದ ಬಂತು. ಸಂಘದ ವ್ಯವಹಾರ ನೋಡಿಕೊಳ್ಳಲು ಹೊಸದಾಗಿ ಬಂದ ಅಧಿಕಾರಿಣಿ ಬರೆದದ್ದು. ಬರುವ ಮೊದಲ ಭಾನುವಾರದ ಸಭೆಗೆ ಫೋನಿನಲ್ಲೇ ಹಾಜರಿ ತೆಗೆದುಕೊಳ್ಳುತ್ತಾರಂತೆ. ಹತ್ತೂ ಸದಸ್ಯರು ಹಾಜರಿಲ್ಲದಿದ್ದರೆ ಘಟಕ ರದ್ದು, ಪುಸ್ತಿಕೆಯಿಂದ ವಿಳಾಸ ತೆಗೆಯಲಾಗುವುದು.

ಭಾವ ಕಾಗದವನ್ನು ಮಡಿಚಿದರು, ಬಿಚ್ಚಿದರು, ಮತ್ತೆ ಮಡಿಚಿದರು. “ವಿಳಾಸ ತೆಗೆದುಬಿಟ್ರೆ ಅವರಿಗೆ ನಾನು ಸಿಗೋದು ಹ್ಯಾಗೆ?” ಎಂದು ಅಕ್ಕನನ್ನು ಕೇಳಿದರು, ಅಕ್ಕನೇ ಅದನ್ನು ತೆಗೆಸಿದಂತೆ.

“ಇಷ್ಟು ವರ್ಷ ಬರ್ದೇ ಇದ್ದೋರು ಇನ್ನು ಬರ್ತಾರೇನ್ರೀ?” ಎಂದಳು ಅಕ್ಕ. ಹೇಳಿದ ಮೇಲೆ ಹೇಳಬಾರದಿತ್ತು ಎನ್ನಿಸಿರಬೇಕು, ಒಳಗೆ ಹೋಗಿ ಪಾತ್ರೆಗಳನ್ನು ಸುಮ್ಮನೆ ಆ ಕಡೆಯಿಂದ ಈ ಕಡೆ ಜೋಡಿಸಿದಳು.

ಭಾನುವಾರ ಬಂತು. ನಾನು ಹತ್ತು ಕುರ್ಚಿ ಹಾಕಿ ತಿರುಗುವಷ್ಟರಲ್ಲಿ ಹತ್ತೂ ಭರ್ತಿ. ವಿಶ್ವವಿದ್ಯಾಲಯದಿಂದ ಫೋನು ಬಂದ ಕೂಡಲೇ ನೀರು ಬಿಡುತ್ತಾರೆ ಎಂದು ಬೀದಿಯಲ್ಲಿ ಸುದ್ದಿಯಾಗಿತ್ತಂತೆ. ಮಡಿಲಲ್ಲಿ ಕ್ಯಾನು ಹಿಡಿದು ಎಲ್ಲರೂ ಗಂಭೀರವಾಗಿ ಕೂತಿದ್ದರು. ಘಟಕದ ಇತಿಹಾಸದಲ್ಲೇ ಅಷ್ಟು ಜನ ಸೇರಿದ್ದು ಅದೇ ಮೊದಲು. ಅಜ್ಜಿ ತಮ್ಮ ಕ್ಯಾನನ್ನು ಬೋರಲು ಹಾಕಿ ಕೊಟ್ಟರು. ಅದರ ಮೇಲೆ ಭಾವ ಫೋನು ಇಟ್ಟು ಸ್ಪೀಕರು ಒತ್ತಿ, ಗೋಡೆಗೆ ಒರಗಿ ನಿಂತರು.

“ಎಲ್ಲರೂ ಬಂದಿದಾರಾ?” ಎಂದಿತು ಫೋನು. ಚುರುಕಾದ ದನಿ.

“ಬಂದಿದೀವಿ ತಾಯಿ, ನೀರು ಬಿಡಿ!” ಎಂದು ಅಜ್ಜಿ ಕೂಗಿದರು. ನಾನು ಅವರ ಕೈ ಒತ್ತಿದೆ.

“ನಂಬರು ಕರೀತೀನಿ. ಹನ್ನೆರಡು?”

ಭಾವ ಮೂಗು ಬಿಗಿ ಹಿಡಿದರು. “ಹಾಜರ್ ಸಾರ್.” ನೆಗಡಿ.

ಕೂತಿದ್ದವರೆಲ್ಲ ಬೆಚ್ಚಿ ಹಿಂದೆ ತಿರುಗಿದರು. ಇಪ್ಪತ್ತು ವರ್ಷದ, ಶೀತ ಹಿಡಿದ ಹುಡುಗನೊಬ್ಬ ನಮ್ಮ ನಡುಮನೆಯಲ್ಲಿ ನಿಂತಿದ್ದ. ಕಣ್ಣಿಗೆ ಮಾತ್ರ ಕಾಣುತ್ತಿರಲಿಲ್ಲ.

“ಹದಿನೈದು?” “ಹಾಜರ್ ಸಾರ್.” “ಹತ್ತೊಂಬತ್ತು?” “ಹಾಜರ್ ಸಾರ್.” ಒಬ್ಬ ಗೊಗ್ಗರು ದನಿಯವನು, ಒಬ್ಬ ಪಿಸುಮಾತಿನವನು. ಮೊದಮೊದಲು ಮುಸಿಮುಸಿ ನಗುತ್ತಿದ್ದವರು ಈಗ ನಗಲಿಲ್ಲ. ಐವತ್ತೈದು ದಾಟಿದ ಮನುಷ್ಯನೊಬ್ಬ ಕಣ್ಣು ಮುಚ್ಚಿ, ಒಬ್ಬೊಬ್ಬರನ್ನೇ ಕೈಹಿಡಿದು ಕರೆತರುತ್ತಿರುವಂತೆ ಇತ್ತು.

“ಇಪ್ಪತ್ತೇಳು?”

“ಹಾಜರ್ ಸಾರ್,” ಎಂದಿತು ಇಲಿಮರಿಯ ಧ್ವನಿ. ಫೋನಿನ ಆ ಬದಿಯಲ್ಲಿ ಏನೋ ಬಿದ್ದ ಸದ್ದಾಯಿತು. ಅಧಿಕಾರಿಣಿ ಮುಂದುವರಿಸಿದರು.

“ಮೂವತ್ಮೂರು?”

ಅದು ಗಾಯಕನ ನಂಬರು. ಒಳಬಾಗಿಲಲ್ಲಿ ನಿಂತಿದ್ದ ಅಕ್ಕ ನೆಲ ನೋಡಿದಳು. ಆಮೇಲೆ ಭಾವ ಉಸಿರೆಳೆದುಕೊಂಡು, ರಾಗವಾಗಿ, “ಹಾ...ಜರ್ ಸಾ...ರ್” ಎಂದರು. ಅಷ್ಟು ಚೆನ್ನಾಗಿ ಹಾಡಿದ್ದನ್ನು ನಾನು ಎಂದೂ ಕೇಳಿರಲಿಲ್ಲ.

ಒಂಬತ್ತೂ ಮುಗಿದವು.

“ನಲವತ್ತೊಂದು?”

ಭಾವ ಗೋಡೆಯಿಂದ ಬೆನ್ನು ಎತ್ತಿ ನೆಟ್ಟಗೆ ನಿಂತರು.

“ನಲವತ್ತೊಂದು ಇದಾರಾ?”

ಒಂಬತ್ತು ಗಂಟಲು ಇದ್ದ ಮನುಷ್ಯನಿಗೆ ತನ್ನ ಗಂಟಲು ಬರುತ್ತಿರಲಿಲ್ಲ. ತುಟಿ ಮಾತ್ರ ಅಲುಗುತ್ತಿತ್ತು. “ಹೇಳ್ರೀ,” ಎಂದು ಅಕ್ಕ ಮೆಲ್ಲಗೆ ಅಂದಳು. “ನಿಮ್ದೇ ಕಣ್ರೀ, ಹೇಳ್ರೀ.” ಭಾವ ತಲೆಯಾಡಿಸಿದರು. ಪದವಿ ಪಡೆಯದವನು ಹಳೆ ವಿದ್ಯಾರ್ಥಿ ಹೇಗಾದಾನು ಎಂಬುದು ಅಷ್ಟು ದಿನ ಮರೆತಿದ್ದವರಿಗೆ ಸರಿಯಾಗಿ ಆಗಲೇ ನೆನಪಾಗಿತ್ತು.

ಆಗ ಫೋನಿನಿಂದಲೇ ಒಂದು ಮುದಿ ಧ್ವನಿ ಬಂತು, ಬಿರುಕು ಬಿಟ್ಟದ್ದು. ಯಾರದೋ ದನಿಯನ್ನು ಅನುಕರಿಸಲು ಹೆಣಗುತ್ತಿತ್ತು, ಒಂದಿಷ್ಟೂ ಹೋಲುತ್ತಿರಲಿಲ್ಲ.

“ಹಾಜರ್ ಸಾರ್.”

ಭಾವ ಕಣ್ಣು ತೆರೆದರು. “ಯಾರದು?”

“ಲೋ ಹಾಜರಿ,” ಎಂದಿತು ಆ ಧ್ವನಿ. “ಅವತ್ತು ನಿನ್ನ ನಂಬರಿಗೆ ಒಬ್ನಾದ್ರೂ ಹೇಳ್ಬೇಕಿತ್ತಲ್ಲೋ. ಒಂಬತ್ತು ಜನದಲ್ಲಿ ಒಬ್ನೂ ಹೇಳ್ಲಿಲ್ಲ.”

ಅಧಿಕಾರಿಣಿ ವಿವರಿಸಿದರು. ಹತ್ತು ಸದಸ್ಯರಿಗೂ ಒಂದೇ ವಿಳಾಸ, ಒಂದೇ ಕೈಬರಹ ಕಂಡು ಅವರಿಗೆ ಮೊದಲೇ ಸಂಶಯ ಬಂದಿತ್ತು. ಹಳೆಯ ದಾಖಲೆ ತೆಗೆಸಿ ನೋಡಿದರೆ ಇಪ್ಪತ್ತೇಳನೇ ನಂಬರಿನವರು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲೇ ಇಪ್ಪತ್ತೆಂಟು ವರ್ಷ ದುಡಿದು, ಮೊಣಕಾಲಿನ ತೊಂದರೆಯಿಂದ ಅವಧಿಗೆ ಮುಂಚೆಯೇ ನಿವೃತ್ತರಾದವರು. ಈ ಕಳ್ಳಾಟವನ್ನು ಕಿವಿಯಾರೆ ಕೇಳಲಿ ಎಂದು ಕರೆಸಿ ಪಕ್ಕದಲ್ಲಿ ಕೂರಿಸಿಕೊಂಡಿದ್ದರು. ಅವರು ತಮ್ಮ ಇಪ್ಪತ್ತರ ಧ್ವನಿ ಕೇಳಿ ಕೋಲು ಕೆಡವಿಕೊಂಡಿದ್ದರು.

“ಇಪ್ಪತ್ತೆಂಟು ವರ್ಷ ಅಲ್ಲೇ ಇದ್ಯೇನೋ?” ಎಂದರು ಭಾವ. “ದಿನಾ ಒಂದು ಬಸ್ಸು ಬರತ್ತಲ್ಲೋ ಅಲ್ಲಿಂದ. ಪುಸ್ತಿಕೆ ನೋಡ್ಲಿಲ್ವಾ?”

“ನೋಡ್ದೆ. ಮೂರು ವರ್ಷದಿಂದ ನೋಡ್ತಿದೀನಿ. ನಿನ್ನ ವಿಳಾಸ ಬರ್ದು ಜೇಬಲ್ಲಿಟ್ಕೊಂಡು ಇಲ್ಲಿ ಬಸ್ ಸ್ಟ್ಯಾಂಡಿನವರೆಗೂ ಹೋದೆ. ನಮ್ಮಿಂದ ನಿನ್ನ ಓದು ಹಾಳಾಯ್ತು ಕಣೋ. ಯಾವ ಮುಖ ಇಟ್ಕೊಂಡು ಹತ್ಲಿ?”

ಅಧಿಕಾರಿಣಿ ಕೆಮ್ಮಿದರು. ನಿಯಮದ ಪ್ರಕಾರ ಘಟಕವನ್ನು ಉಳಿಸಲು ಬರುವುದಿಲ್ಲ ಎಂದರು. ನಲವತ್ತೊಂದನೇ ನಂಬರಿನವರು ತೇರ್ಗಡೆಯಾದ ದಾಖಲೆಯಿಲ್ಲ, ಬಿಟ್ಟುಹೋದ ದಾಖಲೆಯೂ ಇಲ್ಲ. “ನಮ್ಮ ಪುಸ್ತಕದಲ್ಲಿ ನೀವಿನ್ನೂ ವಿದ್ಯಾರ್ಥಿನೇ ಸಾರ್,” ಎಂದು ಹೇಳುವಾಗ ಮೊದಲಿನ ಚುರುಕು ಅವರ ದನಿಯಲ್ಲಿರಲಿಲ್ಲ.

“ರದ್ದು ಮಾಡ್ಕೊಳ್ಳಿ ತಾಯಿ,” ಎಂದರು ಭಾವ. ಆಮೇಲೆ ಫೋನಿನ ಹತ್ತಿರ ಬಗ್ಗಿ, “ಉದ್ದಾ, ಬರ್ತೀಯೇನೋ?” ಎಂದು ಕೇಳಿದರು.

“ಮೊಣಕಾಲು ಕೈಕೊಟ್ಟಿದೆ ಕಣೋ. ನೋಡೋಣ. ಒಂದಿನ ಬರ್ತೀನಿ.”

ಫೋನು ಕಟ್ಟಾಯಿತು. ಅಜ್ಜಿ ಎದ್ದು ಭಾವನ ಮುಖ ನೋಡಿದರು, ತಮ್ಮ ಖಾಲಿ ಕ್ಯಾನು ಎತ್ತಿಕೊಂಡರು. “ಏಳ್ರಮ್ಮಾ, ಏಳಿ. ಇಲ್ಲಿ ಬರೋ ನೀರು ಇಷ್ಟೇ,” ಎಂದು ಎಲ್ಲರನ್ನೂ ಹೊರಡಿಸಿಕೊಂಡು ಹೋದರು.

ಘಟಕ ಹೋಯಿತು. ಬೋರ್ಡು ಇಳಿಸಿದೆವು. ನನ್ನ ಕಾರ್ಯದರ್ಶಿ ಪದವಿಗೂ ಸಂಚಕಾರ ಬಂತು. ಆದರೆ ನಿಲ್ದಾಣದಲ್ಲಿ ಹೊಸದೊಂದು ಪದ್ಧತಿ ಶುರುವಾಯಿತು. ಹನ್ನೊಂದು ಹತ್ತರ ಬಸ್ಸು ಬಂದು ನಿಂತ ಕೂಡಲೇ ಭಾವ ಮೈಕಿನಲ್ಲಿ, “ಇಪ್ಪತ್ತೇಳು?” ಎಂದು ಕೇಳುತ್ತಾರೆ. ಕೇಳಿ ಬಸ್ಸಿನ ಬಾಗಿಲನ್ನೇ ನೋಡುತ್ತಾರೆ. ಉದ್ದನ ಧ್ವನಿಯಲ್ಲಿ ತಾವೇ ಉತ್ತರ ಕೊಡುವುದು ಅವರಿಗೆ ಎಷ್ಟರ ಕೆಲಸ! ಆದರೆ ಕೊಡುವುದಿಲ್ಲ. ಆ ಒಂದು ನಂಬರಿಗೆ ಬೇರೆಯವರು ಹೇಳಕೂಡದಂತೆ.

ಮೊದಲ ವಾರ ಜನಕ್ಕೆ ಅರ್ಥವಾಗಲಿಲ್ಲ. ಎರಡನೇ ವಾರ ಆ ಬಸ್ಸಿನ ಕಂಡಕ್ಟರಿಗೆ ಕಥೆ ಗೊತ್ತಾಗಿ, ಫುಟ್‌ಬೋರ್ಡಿನಿಂದಲೇ “ಗೈರುಹಾಜರ್ ಸಾರ್!” ಎಂದು ಕೂಗಲು ಶುರುಮಾಡಿದ. ಮೆಮೋ ಕೊಟ್ಟಿದ್ದ ಮ್ಯಾನೇಜರು ಆ ಹೊತ್ತಿಗೆ ಸರಿಯಾಗಿ ಏನಾದರೊಂದು ನೆಪ ಮಾಡಿಕೊಂಡು ಹೊರಗೆ ಬಂದು ನಿಲ್ಲುತ್ತಿದ್ದರು. “ಇವತ್ತೂ ಇಲ್ವೇನ್ರೀ?” ಎಂದು ಕೇಳಿ ಒಳಗೆ ಹೋಗುತ್ತಿದ್ದರು. ಹೀಗೆ ನಾಲ್ಕು ತಿಂಗಳು ನಡೆಯಿತು.

ಮೊನ್ನೆ ನಾನು ಭಾವನಿಗೆ ಊಟದ ಡಬ್ಬಿ ಕೊಡಲು ಹೋಗಿದ್ದೆ. ಬಸ್ಸು ಬಂದು ನಿಂತಿತು.

“ಇಪ್ಪತ್ತೇಳು?” ಎಂದರು ಭಾವ.

ಕಂಡಕ್ಟರು ಕೂಗಲಿಲ್ಲ. ಕೆಳಗಿಳಿದು, ಬಸ್ಸಿನೊಳಗಿನಿಂದ ಯಾರದೋ ಕೋಲು ಈಸಿಕೊಂಡು, ಕೈ ಚಾಚಿ ನಿಂತಿದ್ದ. ಮ್ಯಾನೇಜರು ಹೊರಗೆ ಬಂದವರು ಅಲ್ಲೇ ನಿಂತುಬಿಟ್ಟರು. ಇಳಿಯುತ್ತಿದ್ದವರು ತುಂಬ ಎತ್ತರದವರು, ಬಾಗಿಲಲ್ಲಿ ತಲೆ ಬಗ್ಗಿಸಬೇಕಾಯಿತು.

ಭಾವ ಗಾಜಿನ ಗೂಡಿನಿಂದ ಓಡಿಹೋದರು. ಮೈಕು ಆರಿಸುವುದನ್ನು ಮರೆತಿದ್ದರು.